ಗೆರೆಗೂ ಹೆಸರಿಗೂ ನಡುವಣ ಗಂಟು

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ, ಅಂಚುಗಳು ಸವೆದು ಮಡಿಕೆಗಳಲ್ಲಿ ಬಿರಿದಿರುವ ಒಂದು ಕ್ರಯಪತ್ರವುಂಟು. ಮಾರಿದ ಜಮೀನು ಯಾವುದೆಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಸುವುದಕ್ಕಾಗಿ ಅದನ್ನು ಬರೆದವರು ಎರಡು ಮಾರ್ಗಗಳನ್ನು ಹಿಡಿದಿದ್ದಾರೆ. ಮೊದಲು ಸರ್ವೆ ನಂಬರನ್ನೂ ಎಕರೆ ಗುಂಟೆಗಳನ್ನೂ ಕಂದಾಯದ ಆಕಾರವನ್ನೂ ಬರೆದು, ಆಮೇಲೆ, ಅಂಕಿಗಳನ್ನಷ್ಟೇ ನಂಬಿ ಕೂರುವುದು ಕ್ಷೇಮವಲ್ಲವೆಂದು ಬಗೆದವರಂತೆ, ಚಕ್ಕುಬಂದಿಯನ್ನು ಸೇರಿಸಿದ್ದಾರೆ: ಮೂಡಲು ಇಂಥವರ ಹೊಲ, ಪಡುವಲು ಹಳ್ಳ, ತೆಂಕಲು ಬಂಡಿದಾರಿ, ಬಡಗಲು ಸರ್ಕಾರಿ ಬೀಳು. ಈಗ ಅದೇ ಹೊಲದ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ನಕಾಶೆಯನ್ನು ತೆರೆದು ಬೆರಳಿನಿಂದ ಒಮ್ಮೆ ಮುಟ್ಟಿದರೆ, ಹೊಲದ ಸುತ್ತ ಬಣ್ಣದ ಗೆರೆಯೊಂದು ಮೂಡಿ, ಪಕ್ಕದ ಚೌಕದೊಳಗೆ ಊರಿನ ಹೆಸರೂ ಸರ್ವೆ ನಂಬರೂ ಕಾಣಿಸಿಕೊಳ್ಳುತ್ತವೆ. ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದಿಟ್ಟರೆ ಖಾತೆದಾರನ ಹೆಸರೂ ದೊರೆಯುತ್ತದೆ. ಮುಟ್ಟುವುದಕ್ಕೂ ಉತ್ತರ ಬರುವುದಕ್ಕೂ ನಡುವೆ ಕಣ್ಣು ರೆಪ್ಪೆಯಾಡಿಸುವಷ್ಟು ಹೊತ್ತೂ ಹಿಡಿಯುವುದಿಲ್ಲ. ಆ ಅಲ್ಪಕಾಲದೊಳಗೆ ನಡೆದುಹೋಗುವ ಕಾರ್ಯದ ವಂಶಾವಳಿ ಮಾತ್ರ ಬಹು ದೀರ್ಘವಾದುದು. ಅದರ ಬಹುಭಾಗ ನಡೆದಿರುವುದು ದೂರದೇಶದ ಪ್ರಯೋಗಶಾಲೆಗಳಲ್ಲಲ್ಲ, ನಮ್ಮವೇ ಹೊಲಗದ್ದೆಗಳ ಬದುಗಳ ಮೇಲೆ.

ನಕಾಶೆಯ ಗೆರೆಗೆ ತಾನು ಯಾರ ಜಮೀನಿನ ಗೆರೆಯೆಂಬುದು ತಿಳಿಯದು. ಪುಸ್ತಕದ ಸಾಲಿಗೆ ತಾನು ವರ್ಣಿಸುವ ನೆಲ ಎಲ್ಲಿದೆಯೆಂಬುದು ತಿಳಿಯದು. ಚಿತ್ರವೂ ಲೇಖವೂ ಹುಟ್ಟಿನಿಂದಲೇ ಬೇರೆ ಬೇರೆಯಾದ ಎರಡು ವಸ್ತುಗಳು. ಒಂದನ್ನು ಮತ್ತೊಂದಕ್ಕೆ ಬಿಗಿಯುವ ಗಂಟು ಯಾವುದು, ಅದನ್ನು ಹಾಕಿದವರು ಯಾರು, ಕಾಯುತ್ತ ಬಂದವರು ಯಾರು ಎಂಬುದೇ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವ ವಿಷಯ. ಅಂತರಜಾಲದ ನಕಾಶೆಗಳನ್ನು ಹೊಗಳುವವರು ಅವುಗಳ ಬಣ್ಣವನ್ನೂ ವೇಗವನ್ನೂ ಉಪಗ್ರಹದ ಚಿತ್ರವನ್ನೂ ಹೊಗಳುತ್ತಾರೆ. ನನಗೆ ಅವುಗಳಲ್ಲಿ ಪೂಜ್ಯವೆಂದು ತೋರುವುದು, ಗೆರೆಯನ್ನೂ ಹೆಸರನ್ನೂ ಕೂಡಿಸಿ ಹಿಡಿದಿರುವ ಆ ಸಣ್ಣ ಅಂಕಿ.

ಅಂಕಿ ಬರುವುದಕ್ಕೆ ಮೊದಲು ನೆಲವನ್ನು ಗುರುತಿಸುತ್ತಿದ್ದುದು ನೆಲದ ಮೇಲಿನ ವಸ್ತುಗಳಿಂದಲೇ. ನಮ್ಮ ದಾನಶಾಸನಗಳನ್ನು ಓದಿದವರೆಲ್ಲರೂ ಬಲ್ಲರು: ರಾಜನ ಬಿರುದಾವಳಿ ಮುಗಿದು, ದಾನದ ಕಾರಣ ಮುಗಿದ ಮೇಲೆ, ಶಾಸನವು ಒಮ್ಮೆಲೆ ಕಾವ್ಯವನ್ನು ಬಿಟ್ಟು ಕಾಲ್ನಡೆಗೆ ಇಳಿಯುತ್ತದೆ. ಈಶಾನ್ಯದ ಮೊರಡಿ, ಅಲ್ಲಿಂದ ತೆಂಕಲಾಗಿ ಹುಣಿಸೆಯ ಮರ, ಅಲ್ಲಿಂದ ಹಿರಿಯ ಕೆರೆಯ ಕೋಡಿ, ಮೂರು ಊರುಗಳ ಎಲ್ಲೆ ಕೂಡುವ ಮುಕ್ಕೂಟ, ನೆಟ್ಟ ಕಲ್ಲು ಎಂದು ಹೆಜ್ಜೆ ಹೆಜ್ಜೆಯಾಗಿ ಸುತ್ತು ಬಂದು, ಹೊರಟಲ್ಲಿಗೇ ಸೇರಿ ನಿಲ್ಲುತ್ತದೆ. ಅದು ಗೆರೆಯಿಲ್ಲದೆ ಬರೆದ ನಕಾಶೆ. ಓದುವವನು ಅದನ್ನು ನಡೆದು ನೋಡಬೇಕು. ಬ್ರಾಹ್ಮಣರಿಗೆ ಬಿಟ್ಟ ಭೂಮಿಯ ಎಲ್ಲೆಗೆ ವಾಮನಮುದ್ರೆಯ ಕಲ್ಲು, ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು ನಿಲ್ಲಿಸುತ್ತಿದ್ದರಷ್ಟೆ. ಅಕ್ಷರ ಬಾರದ ದನಗಾಹಿಯೂ ಆ ಕಲ್ಲಿನ ಮೇಲೆ ಕೈಯಿಟ್ಟು, ಈ ನೆಲ ಯಾರಿಗೆ ಸಂದುದೆಂಬುದನ್ನು ಹೇಳಬಲ್ಲವನಾಗಿದ್ದನು. ಮುಟ್ಟಿ ಗುರುತಿಸುವ ಪದ್ಧತಿ ಹೊಸದೆಂದು ನಾವು ಭಾವಿಸಬೇಕಾಗಿಲ್ಲ.

ಊರೊಳಗಿನ ಹೊಲಗಳ ಲೆಕ್ಕ ಶಾನುಭೋಗರ ಕಡತದಲ್ಲಿರುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಕಪ್ಪನ್ನೂ ಬಳಿದು ಒಣಗಿಸಿ, ಹಿಂದುಮುಂದಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಆ ಕರಿಯ ಪುಸ್ತಕವನ್ನು ಕೈಯಲ್ಲಿ ಹಿಡಿದಾಗ ಅದರ ಭಾರವೂ ಅದರ ವಾಸನೆಯೂ ಕಾಗದದ ಪುಸ್ತಕಕ್ಕಿಂತ ಬೇರೆಯಾದ ಒಂದು ಗಾಂಭೀರ್ಯವನ್ನು ತರುತ್ತವೆ. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದುದು ಅದರ ಗುಣವೂ ಹೌದು, ದೋಷವೂ ಹೌದು. ಅದರಲ್ಲಿ ಹೊಲದ ವಿಸ್ತೀರ್ಣವನ್ನು ಹೇಳುತ್ತಿದ್ದುದು ಬಿತ್ತನೆಯ ಬೀಜದ ಲೆಕ್ಕದಿಂದ: ಖಂಡುಗದ ಗದ್ದೆ, ಹತ್ತು ಕೊಳಗದ ಹೊಲ. ಮಣ್ಣು ಸಾರವಿಲ್ಲದ್ದಾದರೆ ಅದೇ ಒಂದು ಖಂಡುಗ ಹೆಚ್ಚು ನೆಲವನ್ನು ಆವರಿಸಬಹುದು. ಆದುದರಿಂದ ಅದು ಅಳತೆಯೆಂಬುದಕ್ಕಿಂತ ಅನುಭವ. ಮಾವಿನಮರದ ಹೊಲ, ಗುಡಿಯ ಹಿಂದಣ ಗದ್ದೆ, ಕೆರೆಕೆಳಗಿನ ಮೊದಲನೆಯ ತೂಬಿನ ಪಾಲು ಎಂಬ ಹೆಸರುಗಳಿಗೂ ನೆಲಕ್ಕೂ ನಡುವಣ ಗಂಟು ಶಾನುಭೋಗರ ಮನಸ್ಸಿನಲ್ಲಿತ್ತು. ಅವರು ಕಾಲವಾದರೆ ಗಂಟು ಸಡಿಲವಾಗುತ್ತಿತ್ತು. ಅವರು ಮನಸ್ಸು ಮಾಡಿದರೆ ಬೇರೊಂದು ಕಡೆ ಬಿಗಿಯುವುದೂ ಆಗುತ್ತಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಂದೆ ಕರ್ನಲ್ ಆದ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿಯು ಮೈಸೂರು ಸೀಮೆಯ ಸರ್ವೆಯನ್ನು ಕೈಗೊಂಡನು. 1800ರಲ್ಲಿ ಲ್ಯಾಂಬ್ಟನ್ ಎಂಬ ಮತ್ತೊಬ್ಬ ಅಧಿಕಾರಿ ಬೆಂಗಳೂರಿನ ಬಳಿ ತನ್ನ ತ್ರಿಕೋನಮಾಪನಕ್ಕೆ ಆಧಾರರೇಖೆಯನ್ನು ಅಳೆದನು. ಲ್ಯಾಂಬ್ಟನ್ನನ ಕೆಲಸ ಭೂಮಿಯ ಆಕೃತಿಗೆ ಸಂಬಂಧಪಟ್ಟುದು. ಅದರ ವಿಚಾರ ಇಲ್ಲಿ ಬೇಡ. ಮೆಕೆಂಜಿಯ ಕೆಲಸವಾದರೋ ನಮ್ಮ ವಿಷಯಕ್ಕೆ ಹತ್ತಿರದ್ದು. ಕಾವಲಿ ವೆಂಕಟ ಬೊರಯ್ಯ ಮೊದಲಾದ ದೇಶೀಯ ಸಹಾಯಕರು ಊರೂರು ಅಲೆದು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದರು. ನಕಾಶೆಗಳ ಜೊತೆಗೆ ಆಯಾ ಸೀಮೆಯ ವಿವರಗಳನ್ನೊಳಗೊಂಡ ಲಿಖಿತ ಸಂಪುಟಗಳೂ ಸಿದ್ಧವಾದವು. ಚಿತ್ರದಲ್ಲಿ ಕಂಡ ಊರನ್ನು ಸಂಪುಟದಲ್ಲಿ ಹುಡುಕಬಹುದಾಗಿತ್ತು. ಆದರೆ ಹುಡುಕುವುದಕ್ಕೆ ಇದ್ದ ಸೂತ್ರ ಊರಿನ ಹೆಸರೊಂದೇ. ಹೊಸಹಳ್ಳಿಗಳೂ ಹಳೇಬೀಡುಗಳೂ ಎಷ್ಟೆಷ್ಟೋ ಇರುವ ನಾಡಿನಲ್ಲಿ ಹೆಸರು ಬಹು ಸಡಿಲವಾದ ಗಂಟು.

ಗಟ್ಟಿಯಾದ ಗಂಟು ಬಂದುದು ಬೊಂಬಾಯಿಯ ಕಡೆಯಿಂದ. ಪುಣೆಯ ಪ್ರಾಂತದಲ್ಲಿ ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದಲ್ಲಿ ನಡೆಸಿದ ಮೊದಲ ಸರ್ವೆ, ನಿವ್ವಳ ಉತ್ಪತ್ತಿಯ ಸೂಕ್ಷ್ಮ ಲೆಕ್ಕಾಚಾರವನ್ನು ನೆಚ್ಚಿ, ರೈತನನ್ನೂ ಸರ್ಕಾರವನ್ನೂ ಒಟ್ಟಿಗೆ ಕಷ್ಟಕ್ಕೀಡುಮಾಡಿ ಬಿದ್ದುಹೋಯಿತು. ಅದರ ಅವಶೇಷದ ಮೇಲೆ 1835ರಲ್ಲಿ ಇಂದಾಪುರ ತಾಲ್ಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು ಹೊಸ ಪದ್ಧತಿಯೊಂದನ್ನು ಹೂಡಿದರು. 1840ರ ದಶಕದಲ್ಲಿ ಅದು ಧಾರವಾಡದ ಸೀಮೆಗೆ ಬಂದು ಕನ್ನಡ ನೆಲವನ್ನು ಮುಟ್ಟಿತು. ಡೇವಿಡ್‌ಸನ್ ಎಂಬವನನ್ನೂ ಕೂಡಿಸಿಕೊಂಡು ಅವರು ಬರೆದ 1847ರ ಜಂಟಿ ವರದಿ ಆ ಪದ್ಧತಿಗೆ ಸ್ಮೃತಿಗ್ರಂಥದಂತಾಯಿತು. ಬೌರಿಂಗ್ ಕಮಿಷನರಾಗಿದ್ದ ಕಾಲದಲ್ಲಿ, 1863ರಲ್ಲಿ, ಅದೇ ಪದ್ಧತಿ ಮೈಸೂರು ಸೀಮೆಯನ್ನೂ ಪ್ರವೇಶಿಸಿತು.

ಈ ಪದ್ಧತಿಯ ಹೃದಯ ಸರ್ವೆ ನಂಬರು. ಅದರ ಒಂದು ಲಕ್ಷಣವನ್ನು ನಾನು ಎಷ್ಟು ಸಲ ನೆನೆದರೂ ಬೆರಗಾಗುತ್ತೇನೆ. ಒಂದು ನಂಬರಿಗೆ ಎಷ್ಟು ನೆಲ ಸೇರಬೇಕೆಂಬ ಪ್ರಶ್ನೆ ಬಂದಾಗ ಅವರು ಒಡೆಯನ ಹಿಡುವಳಿಯನ್ನು ಪ್ರಮಾಣವಾಗಿ ಹಿಡಿಯಲಿಲ್ಲ. ಒಂದು ಜೊತೆ ಎತ್ತು ಉತ್ತು ಬಿತ್ತಬಲ್ಲಷ್ಟು ನೆಲವನ್ನು ಪ್ರಮಾಣವಾಗಿ ಹಿಡಿದರು. ತೀರ ಚಿಕ್ಕ ಹಿಡುವಳಿಗಳನ್ನು ಕೂಡಿಸಿ ಒಂದು ನಂಬರಿನಲ್ಲಿಟ್ಟರು. ಅಂದರೆ ನಂಬರು ಮನುಷ್ಯನಿಗೆ ಸಂದುದಲ್ಲ, ನೆಲಕ್ಕೆ ಸಂದುದು. ರೈತ ಬಿಟ್ಟುಕೊಡಬಹುದು, ಮತ್ತೊಬ್ಬ ಹಿಡಿಯಬಹುದು, ತಂದೆ ಸತ್ತು ಮಗ ಬರಬಹುದು. ನಂಬರು ಮಾತ್ರ ತನ್ನ ಬಾಂದುಕಲ್ಲುಗಳ ನಡುವೆ ನೆಲೆಯಾಗಿ ನಿಲ್ಲುವುದು. ಇಂದಿನ ಗಣಕಶಾಸ್ತ್ರಜ್ಞರು, ವಸ್ತುವಿನ ಗುರುತಿನ ಸಂಖ್ಯೆಯಲ್ಲಿ ಆ ವಸ್ತುವಿನ ಬದಲಾಗತಕ್ಕ ಗುಣಗಳು ಸೇರಿರಬಾರದೆಂದು ಮೊದಲ ಪಾಠದಲ್ಲೇ ಬೋಧಿಸುತ್ತಾರೆ. ಎತ್ತಿನ ಜೋಡಿಯನ್ನು ಕಣ್ಣಮುಂದಿಟ್ಟುಕೊಂಡು ಹೊಲವನ್ನು ಎಣಿಸಿದವರು ಆ ಪಾಠವನ್ನು ಗಣಕಯಂತ್ರವೇ ಇಲ್ಲದ ಕಾಲದಲ್ಲಿ ಕಂಡುಕೊಂಡಿದ್ದರು.

ಅಳತೆಯ ಸಾಧನ 33 ಅಡಿಯ ಸರಪಳಿ. ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಈ ಲೆಕ್ಕದ ಚೊಕ್ಕತನದಿಂದಲೇ ಇರಬೇಕು, ಗುಂಟೆಯೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಮೀಟರಿಗೆ ಜಾಗ ಬಿಟ್ಟುಕೊಟ್ಟಿಲ್ಲ. ಮೋಜಣಿದಾರನು ಹೊಲದ ಮಧ್ಯೆ ಒಂದು ಆಧಾರರೇಖೆಯನ್ನು ಹಾಯಿಸಿ, ಅದರ ಮೇಲೆ ಅಲ್ಲಲ್ಲಿ ಕ್ರಾಸ್‌ಸ್ಟಾಫ್ ನೆಟ್ಟು, ಬದುವಿನ ಪ್ರತಿಯೊಂದು ತಿರುವಿಗೂ ಲಂಬವಾಗಿ ಅಳತೆ ಹಿಡಿದು, ಆ ಅಂಕಿಗಳನ್ನೆಲ್ಲ ಒಂದು ಒರಟು ಚಿತ್ರದ ಮೇಲೆ ಬರೆದುಕೊಳ್ಳುತ್ತಿದ್ದನು. ಅದೇ ಟಿಪ್ಪಣಿ. ಟಿಪ್ಪಣಿಯ ಒಂದು ಹಾಳೆಯನ್ನು ಹತ್ತಿರದಿಂದ ನೋಡಿದವನಿಗೆ ಮೊದಲು ಅದು ಮಗುವಿನ ಗೀಚಿನಂತೆ ಕಾಣುತ್ತದೆ. ಹೊಲದ ಆಕಾರ ಹದ ತಪ್ಪಿರುತ್ತದೆ, ಗೆರೆಗಳು ಅಳತೆಗೆ ಸರಿಯಾಗಿರುವುದಿಲ್ಲ. ಏಕೆಂದರೆ ಪ್ರಾಮಾಣ್ಯವಿರುವುದು ಗೆರೆಯಲ್ಲಲ್ಲ, ಗೆರೆಯ ಪಕ್ಕದಲ್ಲಿ ಬರೆದ ಸರಪಳಿ ಆಣೆಗಳಲ್ಲಿ. ನೂರು ವರ್ಷದ ಮೇಲೆ ಕಲ್ಲು ಕಳೆದುಹೋದರೂ, ಆ ಅಂಕಿಗಳನ್ನು ಹಿಡಿದುಕೊಂಡು ಬಂದವನು ಉಳಿದ ಎರಡು ಕಲ್ಲುಗಳಿಂದ ಮೂರನೆಯದರ ಸ್ಥಾನವನ್ನು ತೋರಿಸಬಲ್ಲನು.

ಟಿಪ್ಪಣಿಗಳನ್ನೆಲ್ಲ ಕೂಡಿಸಿ ಗ್ರಾಮ ನಕಾಶೆ ಬರೆಯುವರು. ಪ್ರತಿ ನಂಬರಿನ ವಿಸ್ತೀರ್ಣ, ಖರಾಬು, ಮಣ್ಣಿನ ತರ, ಕಂದಾಯ ಇವನ್ನೆಲ್ಲ ಸಾಲುಸಾಲಾಗಿ ಬರೆದ ಪುಸ್ತಕ ಆಕಾರಬಂದ್. ನಕಾಶೆಯ ಹೊಲದೊಳಗೆ 45 ಎಂದು ಬರೆದಿದ್ದರೆ, ಆಕಾರಬಂದಿನಲ್ಲಿ 45ನೆಯ ಸಾಲನ್ನು ನೋಡಬೇಕು, ಅಷ್ಟೆ. ಗೆರೆ ಒಂದು ಕಾಗದದಲ್ಲಿ, ವಿವರ ಮತ್ತೊಂದು ಕಾಗದದಲ್ಲಿ, ಎರಡರಲ್ಲೂ ಒಂದೇ ಅಂಕಿ. ಇಂದಿನ ಎಷ್ಟೋ ಭೌಗೋಳಿಕ ತಂತ್ರಾಂಶಗಳನ್ನು ಬಿಚ್ಚಿ ನೋಡಿದರೂ ಒಳಗೆ ಕಾಣುವುದು ಈ ಎರಡು ಕಾಗದಗಳ, ಈ ಒಂದು ಅಂಕಿಯ ಏರ್ಪಾಡೇ.

ಕಾಲಾನುಕ್ರಮದಲ್ಲಿ ಗಂಟಿಗೆ ಗಂಟು ಸೇರಿತು. ಅಣ್ಣತಮ್ಮಂದಿರು ಪಾಲಾದಾಗ 45 ಎಂಬುದು 45/1, 45/2 ಎಂಬ ಹಿಸ್ಸೆಗಳಾಗಿ ಒಡೆಯಬೇಕಾಯಿತು. ಒಡೆದು ಅಳೆದು ನಕಾಶೆ ಮಾಡುವ ಆ ಕಾರ್ಯಕ್ಕೆ ಪೋಡಿಯೆಂದು ಹೆಸರಾಯಿತು. ಬೊಂಬಾಯಿ ಪ್ರಾಂತದಲ್ಲಿ 1903ರ ಕಾಯಿದೆ ಹಕ್ಕುದಾಖಲೆಗೆ ಶಾಸನಬಲವನ್ನು ತಂದು, ಯಾರು ಒಡೆಯ, ಯಾರು ಗೇಣಿದಾರ, ಯಾರ ಸಾಲವಿದೆ ಎಂಬುದನ್ನೂ ಅದೇ ಅಂಕಿಗೆ ಕಟ್ಟಿತು. ಕರಾವಳಿಯಲ್ಲಿಯೂ ಬಳ್ಳಾರಿಯಲ್ಲಿಯೂ ಮದರಾಸಿನ ಕ್ರಮ ಬೇರೆ. ಅಲ್ಲಿ ಎಕರೆಗೆ ನೂರು ಸೆಂಟ್ಸು. ಕಲಬುರ್ಗಿಯ ಕಡೆ ನಿಜಾಮರ ಸರ್ಕಾರ ನಡೆಸಿದ ಸರ್ವೆಯ ಕಡತಗಳು. ಕೊಡಗಿನದು ಮತ್ತೂ ಬೇರೆ. 1956ರಲ್ಲಿ ಕನ್ನಡನಾಡು ಒಂದಾದಾಗ ಜನರ ಹೃದಯಗಳು ಕೂಡಿದಷ್ಟು ಸುಲಭವಾಗಿ ನಕಾಶೆಗಳು ಕೂಡಲಿಲ್ಲ. ಅವುಗಳ ಅಳತೆಯೂ ಸಂಜ್ಞೆಯೂ ಭಾಷೆಯೂ ನಾಲ್ಕೈದು ಬಗೆಯಾಗಿದ್ದವು. ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯಿದೆಯ ಪ್ರಕಾರ 1963ರಲ್ಲಿ ಕೊನೆಗೊಂಡು ಗ್ರಾಮಲೆಕ್ಕಿಗರು ಬಂದರು. ಅದು ಬರಬೇಕಾಗಿದ್ದ ನ್ಯಾಯ. ಆದರೂ ಅದರೊಡನೆ, ಯಾವ ಪುಸ್ತಕದಲ್ಲಿಯೂ ಬರೆಯದೆ ಮನಸ್ಸಿನಲ್ಲಷ್ಟೇ ಇದ್ದ ನೆಲದ ಜ್ಞಾನವೊಂದು ಸದ್ದಿಲ್ಲದೆ ಹೊರಟುಹೋಯಿತೆಂಬುದನ್ನೂ ಒಪ್ಪಿಕೊಳ್ಳಬೇಕು.

ಇದೇ ಕಾಲಕ್ಕೆ ಭೂಮಂಡಲದ ಮತ್ತೊಂದು ಮಗ್ಗುಲಲ್ಲಿ, ಕೆನಡಾ ದೇಶದಲ್ಲಿ, ಇಡೀ ದೇಶದ ಭೂಮಿಯ ಸಾಮರ್ಥ್ಯವನ್ನು ತಿಳಿಯಬೇಕೆಂದು ಹೊರಟ ಸರ್ಕಾರಕ್ಕೆ ಸಹಸ್ರಾರು ನಕಾಶೆಗಳನ್ನು ಕಣ್ಣಿನಿಂದ ಓದಿ ಕೂಡಿಸಿ ಲೆಕ್ಕ ಮಾಡುವುದು ಮಾನವಸಾಧ್ಯವಲ್ಲವೆಂದು ತೋರಿತು. ರೋಜರ್ ಟಾಮ್ಲಿನ್ಸನ್ 1960ರ ದಶಕದ ಆರಂಭದಲ್ಲಿ ಐಬಿಎಂ ಸಂಸ್ಥೆಯ ನೆರವಿನಿಂದ ಕಟ್ಟಿದ ಕೆನಡಾ ಭೌಗೋಳಿಕ ಮಾಹಿತಿ ವ್ಯವಸ್ಥೆಯೇ ಇಂದಿನ ಜಿಐಎಸ್ ತಂತ್ರಾಂಶಗಳಿಗೆಲ್ಲ ಮೂಲಪುರುಷ. ಅದರಲ್ಲಿಯೂ ಗೆರೆಗಳ ಭಂಡಾರ ಒಂದು, ವಿವರಗಳ ಭಂಡಾರ ಮತ್ತೊಂದು. ನಡುವೆ ಪ್ರತಿ ಭೂಖಂಡಕ್ಕೂ ಒಂದು ಸಂಖ್ಯೆ. ಧಾರವಾಡದ ಹೊಲದಲ್ಲಿ ಸರಪಳಿ ಎಳೆದವರ ಕಥೆ ಟಾಮ್ಲಿನ್ಸನ್ನನಿಗೆ ಮಾರ್ಗದರ್ಶಕವಾಯಿತೆಂದು ನಾನು ಹೇಳುವುದಿಲ್ಲ. ಸಮಸ್ಯೆ ಒಂದೇ ಆದಾಗ ಉತ್ತರವೂ ಒಂದೇ ಆಯಿತು.

1990ರ ದಶಕದಲ್ಲಿ ಬಳಕೆಗೆ ಬಂದು ಇಂದಿಗೂ ಹೋಗದಿರುವ ಶೇಪ್‌ಫೈಲ್ ಎಂಬ ಕಡತದ ರೂಪವೊಂದುಂಟು. ಅದು ಹೆಸರಿಗೆ ಒಂದಾದರೂ ನಿಜವಾಗಿ ಕನಿಷ್ಠ ಮೂರು ಕಡತಗಳು: ಒಂದರಲ್ಲಿ ಆಕೃತಿಗಳು, ಒಂದರಲ್ಲಿ ಅವುಗಳ ಅನುಕ್ರಮಣಿಕೆ, ಮತ್ತೊಂದರಲ್ಲಿ ವಿವರಗಳ ಪಟ್ಟಿ. ಆಕೃತಿಗೂ ವಿವರಕ್ಕೂ ಇರುವ ಸಂಬಂಧ ಯಾವುದೆಂದರೆ ಕೇವಲ ಸಾಲಿನ ಕ್ರಮ: ಹತ್ತನೆಯ ಆಕೃತಿಗೆ ಹತ್ತನೆಯ ಸಾಲು. ನಮ್ಮೂರಿನ ಗ್ರಾಮ ನಕಾಶೆಯನ್ನು ನಾನೇ ಕುಳಿತು ಗಣಕಯಂತ್ರದಲ್ಲಿ ಗೆರೆಗೆ ಗೆರೆ ಎಳೆದು ಸಿದ್ಧಪಡಿಸಿದ ದಿನಗಳಲ್ಲಿ, ಒಂದು ಸಂಜೆ, ವಿವರಗಳ ಕಡತವೊಂದನ್ನೇ ಬೇರೆಯಾಗಿ ತೆರೆದು, ದೊಡ್ಡ ಹೊಲಗಳು ಮೊದಲು ಬರಲೆಂದು ವಿಸ್ತೀರ್ಣದ ಕ್ರಮಕ್ಕೆ ಜೋಡಿಸಿ ಉಳಿಸಿಬಿಟ್ಟೆನು. ಮರುದಿನ ನಕಾಶೆಯನ್ನು ತೆರೆದು ಕೆರೆಯ ಮೇಲೆ ಒತ್ತಿದರೆ ಅದು ಒಬ್ಬ ರೈತನ ಖಾತೆಯೆಂದು ತೋರಿತು. ಸ್ಮಶಾನಕ್ಕೆ ರಾಗಿಯ ಬೆಳೆ ಬಂದಿತ್ತು. ನಮ್ಮ ಹೊಲ ಗೋಮಾಳವಾಗಿತ್ತು. ಒಂದು ಗೆರೆಯೂ ಅಲುಗಿರಲಿಲ್ಲ, ಒಂದು ಅಕ್ಷರವೂ ಅಳಿಸಿರಲಿಲ್ಲ. ಚಿತ್ರ ಪೂರ್ತಿಯಾಗಿ ಸರಿ, ಲೇಖ ಪೂರ್ತಿಯಾಗಿ ಸರಿ. ಊರು ಮಾತ್ರ ಹಾಳಾಗಿತ್ತು. ಗಂಟಿನ ಬೆಲೆಯನ್ನು ನಾನು ಅರಿತುದು ಆ ಬೆಳಗ್ಗೆ.

ನಮ್ಮ ರಾಜ್ಯದಲ್ಲಿ ಮೊದಲು ಯಂತ್ರವನ್ನೇರಿದುದು ಪುಸ್ತಕ, ನಕಾಶೆಯಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಗಣಕಯಂತ್ರಕ್ಕೆ ಬಂದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ಪಹಣಿ ಪಡೆಯುವ ಕಾಲ ಬಂದಿತು. ಇದು ಹಿರಿದಾದ ಸಾಧನೆ. ಆದರೆ ಆ ಪಹಣಿಗೆ ನೆಲದ ಚಿತ್ರ ಇನ್ನೂ ಕೂಡಿರಲಿಲ್ಲ. ಗ್ರಾಮ ನಕಾಶೆಗಳು ದಫ್ತರಿನ ಬಟ್ಟೆಯೊಳಗೇ ಮಲಗಿದ್ದವು.

ನಕಾಶೆಯನ್ನು ಅಂತರಜಾಲದಲ್ಲಿ ತೋರಿಸುವ ಕೆಲಸ ಅಷ್ಟು ಹೊತ್ತಿಗೆ ಹೊರಗೆ ಬೆಳೆಯುತ್ತಿತ್ತು. 1993ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾರ್ಕ್ ಪ್ರಯೋಗಶಾಲೆಯಲ್ಲಿ ಸ್ಟೀವ್ ಪುಟ್ಜ್ ರಚಿಸಿದ ನಕಾಶೆ, ಒತ್ತಿದ ಕಡೆಗೆ ಮತ್ತಷ್ಟು ಸಮೀಪಕ್ಕೆ ಕರೆದೊಯ್ಯುತ್ತಿತ್ತು. ಅದೇ ದಶಕದಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ, ಅರಣ್ಯದ ಮಾಹಿತಿಯನ್ನು ಹಂಚುವ ಉದ್ದೇಶದಿಂದ, ಮ್ಯಾಪ್‌ಸರ್ವರ್ ಎಂಬ ತಂತ್ರಾಂಶ ಹುಟ್ಟಿತು. 2000ದಲ್ಲಿ ಓಪನ್ ಜಿಐಎಸ್ ಕನ್ಸಾರ್ಷಿಯಂ ಎಂಬ ಕೂಟ, ನಕಾಶೆಯ ಯಂತ್ರಗಳೆಲ್ಲ ಪರಸ್ಪರ ಆಡತಕ್ಕ ಮಾತಿಗೆ ಒಂದು ವ್ಯಾಕರಣವನ್ನು ನಿಯಮಿಸಿತು. ಆ ವ್ಯಾಕರಣದಲ್ಲಿ ಮುಖ್ಯವಾದ ಕೋರಿಕೆಗಳು ಮೂರೇ: ನಿನ್ನಲ್ಲಿ ಏನಿದೆ ಎಂಬುದು ಒಂದು, ಇಷ್ಟು ಭಾಗದ ಚಿತ್ರವನ್ನು ಕೊಡು ಎಂಬುದು ಎರಡು, ಈ ಚಿತ್ರದಲ್ಲಿ ಇಲ್ಲಿ ಇರುವುದು ಏನು ಎಂಬುದು ಮೂರು. ಈ ಮೂರನೆಯದು ವಿಚಿತ್ರವಾದ ಪ್ರಶ್ನೆ. ಕೇಳುವವನಿಗೆ ಹೊಲದ ಹೆಸರು ತಿಳಿಯದು. ಅವನು ಹೇಳುವುದಿಷ್ಟೇ, ಚಿತ್ರದ ಎಡ ಅಂಚಿನಿಂದ ಇಷ್ಟು ಚುಕ್ಕೆ, ಮೇಲಿನ ಅಂಚಿನಿಂದ ಇಷ್ಟು ಚುಕ್ಕೆ. ಅತ್ತ ಕಡೆಯ ಯಂತ್ರ ಅದನ್ನು ಭೂಮಿಯ ಮೇಲಣ ಬಿಂದುವಾಗಿ ಮಾರ್ಪಡಿಸಿ, ಆ ಬಿಂದು ಯಾವ ಹೊಲದೊಳಗೆ ಬೀಳುತ್ತದೆಂದು ಹುಡುಕಬೇಕು.

ಹುಡುಕುವ ಬಗೆ ರೈತನಿಗೂ ಒಪ್ಪತಕ್ಕಂಥದು. ಯಂತ್ರ ಮೊದಲು ಪ್ರತಿಯೊಂದು ಹೊಲವನ್ನೂ ಆವರಿಸುವ ಒಂದೊಂದು ಆಯತವನ್ನು ಕಲ್ಪಿಸಿಕೊಂಡು, ಬಿಂದು ಆ ಆಯತದಲ್ಲೇ ಇಲ್ಲದ ಹೊಲಗಳನ್ನೆಲ್ಲ ಒಮ್ಮೆಗೇ ಬದಿಗಿರಿಸುತ್ತದೆ. ಉಳಿದ ನಾಲ್ಕಾರು ಹೊಲಗಳಲ್ಲಿ ಒಂದೊಂದನ್ನೇ ಎತ್ತಿಕೊಂಡು, ಬಿಂದುವಿನಿಂದ ಒಂದೇ ದಿಕ್ಕಿಗೆ ನೇರವಾಗಿ ನಡೆದುಹೋದರೆ ಆ ಹೊಲದ ಬದುವನ್ನು ಎಷ್ಟು ಸಲ ದಾಟಬೇಕಾಗುತ್ತದೆಂದು ಎಣಿಸುತ್ತದೆ. ಬೆಸ ಸಂಖ್ಯೆ ಬಂದರೆ ನಿಂತಿರುವುದು ಹೊಲದ ಒಳಗೆ. ಸಮ ಸಂಖ್ಯೆ ಬಂದರೆ ಹೊರಗೆ. ಹೊಲ ಎಷ್ಟೇ ಸೊಟ್ಟಗಿರಲಿ, ಬದು ಎಷ್ಟೇ ಅಂಕುಡೊಂಕಾಗಿರಲಿ, ಈ ಲೆಕ್ಕ ತಪ್ಪುವುದಿಲ್ಲ. ಹೊಲದ ಚಿತ್ರದ ಮೇಲೊಂದು ಕಡ್ಡಿಯನ್ನಿಟ್ಟು ಯಾರಾದರೂ ಪರೀಕ್ಷಿಸಬಹುದು. ಈಚೆಗೆ ಬ್ರೌಸರಿನೊಳಗೇ ನಡೆಯುವ ಮತ್ತೊಂದು ಉಪಾಯ ಇದಕ್ಕಿಂತ ಸೊಗಸಾದುದು. ಕಣ್ಣಿಗೆ ಕಾಣುವ ನಕಾಶೆಯ ಹಿಂದೆ ಯಂತ್ರ ಯಾರಿಗೂ ತೋರಿಸದ ಎರಡನೆಯ ನಕಾಶೆಯೊಂದನ್ನು ಬರೆದುಕೊಳ್ಳುತ್ತದೆ. ಅದರಲ್ಲಿ ಯಾವ ಎರಡು ಹೊಲಗಳಿಗೂ ಒಂದೇ ಬಣ್ಣವಿಲ್ಲ. ಬೆರಳು ಬಿದ್ದ ಜಾಗದಲ್ಲಿ ಗುಪ್ತ ನಕಾಶೆಯ ಬಣ್ಣ ಯಾವುದೆಂದು ನೋಡಿದರೆ ಸಾಕು, ಆ ಬಣ್ಣವೇ ಹೊಲದ ಅಂಕಿ. ವಾಮನಮುದ್ರೆಯನ್ನೂ ಲಿಂಗಮುದ್ರೆಯನ್ನೂ ನೋಡಿ ನೆಲವನ್ನು ಗುರುತಿಸುತ್ತಿದ್ದ ದನಗಾಹಿ ನನಗೆ ಇಲ್ಲಿ ಮತ್ತೆ ನೆನಪಾಗುತ್ತಾನೆ.

ಈಗ ನಮ್ಮ ಗ್ರಾಮ ನಕಾಶೆಗಳೂ ದಫ್ತರನ್ನು ಬಿಟ್ಟು ಹೊರಬಂದಿವೆ. ರಾಜ್ಯದ ಭೂಮಾಪನ ಇಲಾಖೆಯ ಹಳೆಯ ನಕಾಶೆಗಳನ್ನು ಗಣಕೀಕರಿಸಿ ಉಪಗ್ರಹ ಚಿತ್ರದ ಮೇಲೆ ಕೂರಿಸಿ, ನಿಂತಲ್ಲಿಯೇ ಸರ್ವೆ ನಂಬರನ್ನು ತಿಳಿಸುವ ‘ದಿಶಾಂಕ್’ ಎಂಬ ಸೌಕರ್ಯ ಸಾಮಾನ್ಯರ ಮೊಬೈಲಿಗೂ ಬಂದಿದೆ. ಜಮೀನು ಕೊಳ್ಳಹೊರಟವನು ಕೆರೆಯಂಗಳವನ್ನೋ ರಾಜಕಾಲುವೆಯನ್ನೋ ಕೊಂಡು ಮೋಸಹೋಗದಂತೆ ಇದು ಕಾಪಾಡಬಲ್ಲದು. ಇದರಿಂದ ಆಗಿರುವ ಉಪಕಾರ ಸಾಮಾನ್ಯವಾದುದಲ್ಲ. ಆದುದರಿಂದಲೇ ಇದು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದನ್ನು ಜನ ಅರಿಯಬೇಕೆಂದು ನಾನು ಆಶಿಸುತ್ತೇನೆ. ಹಳೆಯ ಗ್ರಾಮ ನಕಾಶೆಯ ಪ್ರಮಾಣ ಒಂದು ಅಂಗುಲಕ್ಕೆ 660 ಅಡಿ. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಒಂದು ಮಸಿಗೆರೆಯೇ ನೆಲದ ಮೇಲೆ ಸುಮಾರು 13 ಅಡಿಯಷ್ಟು ಅಗಲವಾಗುತ್ತದೆ. ಆ ಗೆರೆಯನ್ನು ಬರೆದವನು, ಒಂದು ದಿನ ಯಾರೋ ಅದನ್ನು ಆಕಾಶದಿಂದ ತೆಗೆದ ಚಿತ್ರದ ಮೇಲಿಟ್ಟು, ತೆಂಗಿನಮರ ಯಾರ ಕಡೆಗೆ ಬಂದಿತೆಂದು ಕೇಳುವರೆಂದು ಎಣಿಸಿರಲಿಲ್ಲ. ಅವನು ನಕಾಶೆ ಬರೆದುದು ಯಾವ ನಂಬರಿನ ಪಕ್ಕ ಯಾವ ನಂಬರಿದೆಯೆಂದು ತೋರಿಸುವುದಕ್ಕೆ. ಎಲ್ಲೆಯ ತೀರ್ಪನ್ನು ಅವನು ಟಿಪ್ಪಣಿಗೆ ಬಿಟ್ಟಿದ್ದನು. ಹದ್ದುಬಸ್ತಿಗೆ ಅರ್ಜಿ ಕೊಟ್ಟಾಗ ಮೋಜಣಿದಾರರು ಇಂದಿಗೂ ಟಿಪ್ಪಣಿಯ ನಕಲನ್ನು ಹಿಡಿದೇ ಬರುವುದು ಇದೇ ಕಾರಣದಿಂದ.

ಇದಕ್ಕಿಂತ ಕಠಿನವಾದ ತೊಡಕು ಅಂಕಿಯಲ್ಲಿಯೇ ಇದೆ. ಪಹಣಿ ತೆಗೆಯಲು ಹೋದವರು ಸರ್ವೆ ನಂಬರಿನ ಜೊತೆಗೆ ಸರ್‌ನಾಕ್ ಎಂದೂ ಹಿಸ್ಸೆಯೆಂದೂ ಎರಡು ಮನೆಗಳನ್ನು ತುಂಬಬೇಕಾಗುತ್ತದೆ. ಬಹುಕಡೆ ಮೊದಲನೆಯ ಮನೆಯಲ್ಲಿ ಒಂದು ನಕ್ಷತ್ರಚಿಹ್ನೆ ಮಾತ್ರವಿರುತ್ತದೆ, ಎರಡನೆಯದರಲ್ಲಿ ಪಿ1, ಪಿ2 ಎಂದಿರುತ್ತದೆ. ಆ ‘ಪಿ’ ಎಂಬ ಅಕ್ಷರ ಒಂದು ದೀರ್ಘ ನಿರೀಕ್ಷೆಯ ಗುರುತು. ಗೋಮಾಳದಲ್ಲಿ ಎರಡೆರಡು ಎಕರೆಯಂತೆ ಬಡವರಿಗೆ ದರಖಾಸ್ತು ಮಂಜೂರಾಗಿ, ಪ್ರತಿಯೊಬ್ಬರಿಗೂ ಪಹಣಿ ಬಂದು, ನೆಲದ ಮೇಲೆ ಅಳೆದು ಪೋಡಿ ಮಾಡುವುದು ಮಾತ್ರ ಉಳಿದಿದೆಯೆಂಬುದು ಅದರ ಅರ್ಥ. ಪುಸ್ತಕದಲ್ಲಿ ಮೂವತ್ತು ಜನ ಖಾತೆದಾರರು. ನಕಾಶೆಯಲ್ಲಿ ಒಂದೇ ಹೊಲ. ಅಂಥ ಜಾಗವನ್ನು ಪರದೆಯ ಮೇಲೆ ಮುಟ್ಟಿದರೆ ಯಂತ್ರ ಮೂಲ ನಂಬರೊಂದನ್ನೇ ಹೇಳೀತು. ನಿಮ್ಮ ಕಾಲಡಿಯ ನೆಲ ಆ ಮೂವತ್ತರಲ್ಲಿ ಯಾರದೆಂದು ಹೇಳಲಾರದು. ಮೂವತ್ತು ಪಾಲುಗಳನ್ನು ಕೂಡಿಸಿದರೆ ಹೊಲದ ಒಟ್ಟು ವಿಸ್ತೀರ್ಣವನ್ನು ಮೀರುವ ಕಡೆಗಳೂ ಉಂಟು. ಇದು ತಂತ್ರಾಂಶದ ದೋಷವಲ್ಲ. ಕಲ್ಲು ನೆಡದೆ ಬರೆದ ಹೆಸರಿಗೆ ಯಾವ ಯಂತ್ರವೂ ಗೆರೆಯನ್ನು ಒದಗಿಸಲಾರದು. ಆ ಮೂವತ್ತು ಮನೆಗಳವರು ಬ್ಯಾಂಕಿನಲ್ಲಿ ಸಾಲ ಕೇಳಲಾರದೆ, ಮಕ್ಕಳಿಗೆ ಪಾಲು ಬರೆಯಲಾರದೆ ಪಡುವ ಸಂಕಟವನ್ನು ಕಂಡವರಿಗೆ, ಪೋಡಿಗಾಗಿ ನಿಯುಕ್ತನಾದ ಒಬ್ಬೊಬ್ಬ ಮೋಜಣಿದಾರನೂ ಎಷ್ಟು ಅಮೂಲ್ಯನೆಂಬುದು ತಿಳಿದಿರುತ್ತದೆ.

2021ರಿಂದ ಭಾರತ ಸರ್ಕಾರ ಪ್ರತಿಯೊಂದು ಜಮೀನಿಗೂ 14 ಅಕ್ಷರಾಂಕಿಗಳ ವಿಶಿಷ್ಟ ಗುರುತೊಂದನ್ನು, ಅದರ ಮೂಲೆಗಳ ಅಕ್ಷಾಂಶ ರೇಖಾಂಶಗಳನ್ನೇ ಆಧಾರವಾಗಿಟ್ಟುಕೊಂಡು, ಕೊಡತೊಡಗಿದೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆದು ಒಂದು ಪಟ್ಟಿ ಮತ್ತೊಂದಕ್ಕೆ ಕೂಡದೆ ಹೋಗುವ ತೊಂದರೆ ಇದರಿಂದ ತಪ್ಪೀತು. ಆದರೂ ಮೂಲೆಯ ಸ್ಥಾನದಿಂದ ಹುಟ್ಟಿದ ಅಂಕಿ, ನಾಳೆ ಅಳತೆ ತಿದ್ದಿದಾಗ ಏನಾಗಬೇಕು? ಎತ್ತಿನ ಜೋಡಿಯ ಕಾಲದವರು ತಮ್ಮ ಅಂಕಿಯೊಳಗೆ ನೆಲದ ಯಾವ ಗುಣವನ್ನೂ ತುಂಬದೆ ಬರಿಯ ಸಂಖ್ಯೆಯಾಗಿ ಬಿಟ್ಟಿದ್ದುದರಲ್ಲಿ ಒಂದು ವಿವೇಕವಿತ್ತೆಂದು ನನಗೆ ತೋರುತ್ತದೆ.

ಕಂದಾಯದ ಪುಸ್ತಕಗಳಲ್ಲಿ ಬೇಚಿರಾಕ್ ಎಂಬ ಒಂದು ಬಗೆಯ ಗ್ರಾಮವುಂಟು. ದೀಪವಿಲ್ಲದ ಊರೆಂದು ಆ ಪಾರಸಿ ಮಾತಿನ ಅರ್ಥ. ಪ್ಲೇಗಿನಿಂದಲೋ ಕ್ಷಾಮದಿಂದಲೋ ನೀರಿನ ಕೊರತೆಯಿಂದಲೋ ಜನ ಬಿಟ್ಟುಹೋದ ಊರು, ಮನೆಯಿಲ್ಲ, ಒಲೆಯಿಲ್ಲ. ನಮ್ಮೂರಿನ ಪಡುವಣಕ್ಕೆ ಎರಡು ಮೈಲಿಯಲ್ಲಿ ಅಂಥದೊಂದಿದೆ. ಕಳೆದ ಮಾರ್ಗಶಿರದಲ್ಲಿ ಅಲ್ಲಿಗೆ ಹೋಗಿದ್ದೆನು. ಲಂಟಾನದ ಪೊದೆಗಳ ನಡುವೆ ಮುರಿದ ಹನುಮಂತನ ಗುಡಿ, ಅರ್ಧ ಹೂತ ಒರಳುಕಲ್ಲು, ಸುತ್ತಲೂ ಅವರೆಯ ಹೂ. ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ನಕಾಶೆಯನ್ನು ತೆರೆದು ಮುಟ್ಟಿದೆನು. ಊರಿನ ಹೆಸರು ಬಂದಿತು, ಹೋಬಳಿ ಬಂದಿತು, ಸರ್ವೆ ನಂಬರು 7 ಎಂದು ಬಂದಿತು. ಹೊಲದಲ್ಲಿ ಕಳೆ ಕೀಳುತ್ತಿದ್ದ ಪಕ್ಕದೂರಿನ ಮುದುಕಿ ಸೊಂಟ ನೆಟ್ಟಗೆ ಮಾಡಿ, “ಏನಪ್ಪ ನೋಡ್ತಿದ್ದೀಯ?” ಎಂದು ಕೇಳಿದಳು. ಯಾವ ನಂಬರೆಂದು ನೋಡುತ್ತಿದ್ದೇನಜ್ಜಿ ಎಂದೆನು. “ಏಳು,” ಎಂದು ಹೇಳಿ ಅವಳು ಮತ್ತೆ ಸಾಲಿಗೆ ಬಗ್ಗಿದಳು.